ಒಲೆಯ ಮಣ್ಣು ಒಂದು ಚೀಲ: ಹಿತ್ತಲ ಅಡುಗೆಮನೆ ಕಿತ್ತ ಪ್ರಕರಣ

ಕಲಬುರಗಿಯ ಶಹಾಬಜಾರದ ಮನೆ ಮಾರಿ ಕುಸನೂರ ರಸ್ತೆಯ ಹೊಸ ಬಡಾವಣೆಗೆ ಹೋಗುವುದೆಂದು ಅಕ್ಕ, ಭಾವ ತೀರ್ಮಾನಿಸಿದಾಗ ಕಪಾಟು, ಮಂಚ, ತಿಜೋರಿಗಳ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ತಕರಾರು ಎದ್ದದ್ದು ಹಿತ್ತಲಿನ ಅಡುಗೆಮನೆಯ ಬಗ್ಗೆ. ಭಾವನ ಕಣ್ಣಿಗೆ ಅದು ನಾಲ್ಕು ತಗಡು, ಒಂದು ಕಲ್ಲು, ಒಂದು ಮಣ್ಣಿನ ಒಲೆ. ಬಿಟ್ಟು ಹೋದರೆ ಗಾಡಿಯ ಒಂದು ಖೇಪು ಉಳಿಯುತ್ತದೆ. ಅಕ್ಕನಿಗೆ ಮನೆ ಎಂದರೆ ಅದೇ. ಮಿಕ್ಕದ್ದು ಮಲಗುವ ಜಾಗ. ಕಟ್ಟಡಗಳ ಅಂದಾಜು ಪಟ್ಟಿ ಬರೆದು ಹೊಟ್ಟೆ ಹೊರೆಯುವ ನನ್ನನ್ನು ಇಬ್ಬರೂ ಕರೆದರು. ನಾನು ತಮ್ಮ ಪರವೇ ಮಾತಾಡುತ್ತೇನೆ ಎಂಬ ನಂಬಿಕೆ ಇಬ್ಬರಿಗೂ ಇತ್ತು. ಅದು 2023ರ ಏಪ್ರಿಲ್ ಕೊನೆಯ ವಾರ. ಮನೆಯ ನೋಂದಣಿಗೆ ಮೂರು ವಾರ ಬಾಕಿ.

ಹಳೆಯ ಹಿತ್ತಲು

ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟಿದರೆ ಅದು ಸುದ್ದಿಯೇ ಅಲ್ಲ. ಅಂಥ ದಿನ ಹತ್ತು ಜನರಿಗೆ ಜೋಳದ ರೊಟ್ಟಿ ಬಡಿಯಬೇಕೆಂದರೆ, ಒಳಗಿನ ಅಡುಗೆಮನೆಯಲ್ಲಿ ನಿಂತವರು ರೊಟ್ಟಿಗಿಂತ ಮೊದಲು ತಾವೇ ಬೇಯುತ್ತಾರೆ. ಆದ್ದರಿಂದ ಈ ಕಡೆಯ ಮನೆಗಳಲ್ಲಿ ಹಿತ್ತಲಲ್ಲಿ ಇನ್ನೊಂದು ಒಲೆ ಇರುವುದು ವೈಭವವಲ್ಲ, ಅಗತ್ಯ. ಅಕ್ಕನ ಮನೆಯಲ್ಲಿ ಹದಿನಾಲ್ಕು ವರ್ಷಗಳಲ್ಲಿ ಅದು ತಾನಾಗಿಯೇ ಬೆಳೆಯಿತು. ಮೊದಲು ಒಲೆಯೊಂದೇ ಇತ್ತು. ಆಮೇಲೆ ಕಲ್ಲು ಬಂತು, ಆಮೇಲೆ ನಳ, ಸಿಂಕು, ನೆರಳು. ಕೊನೆಗೆ ಎರಡು ಬರ್ನರಿನ ಗ್ಯಾಸ್ ಒಲೆಯೂ ಹೊರಗೇ ಬಂದು ಕೂತಿತು. ಒಳಗಿನ ಅಡುಗೆಮನೆ ಚಹಾ ಕಾಸುವುದಕ್ಕೆ ಮತ್ತು ಬಾಂಡೆ ಸಾಮಾನು ಜೋಡಿಸುವುದಕ್ಕೆ ಉಳಿಯಿತು.

ನಾನು ಟೇಪು ಹಿಡಿದು ಅಳೆದದ್ದು ಹೀಗೆ. ಮೂರು ಗಿಡ್ಡ ಇಟ್ಟಿಗೆ ಗೋಡೆಗಳ ಮೇಲೆ ಶಹಾಬಾದ ಪರಸಿಯ, ಅಂದರೆ ಹಾಸುಗಲ್ಲಿನ, ಒಂದೇ ಹಲಗೆ: ಏಳು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಇಂಚು ದಪ್ಪ. ಒಂದು ತುದಿಯಲ್ಲಿ ಸಿಂಕಿಗೆಂದು ಕೊರೆದ ಚೌಕ. ಇನ್ನೊಂದು ತುದಿಗೆ ತಾಗಿದಂತೆ ಇಟ್ಟಿಗೆ ಕಟ್ಟೆ, ಅದರ ಮೇಲೆ ಮಣ್ಣಿನ ಒಲೆ, ಹಿಂದೆ ಬೇಳೆ ಕುದಿಯಲು ಕೋಡೊಲೆ. ಮೇಲೆ ನಾಲ್ಕು ಕಬ್ಬಿಣದ ಆಂಗಲ್ ಕಂಬಗಳ ಆಸರೆಯಲ್ಲಿ ಹತ್ತು ಅಡಿಯ ನಾಲ್ಕು ತಗಡು. ಮೂಲೆಯಲ್ಲಿ ತೊಗರಿ ಕಟ್ಟಿಗೆಯ ಹೊರೆ. ತೊಗರಿಯ ನಾಡಿನಲ್ಲಿ ಬೇಳೆ ಬೇಯುವುದೂ ತೊಗರಿಯ ಕಡ್ಡಿಯ ಉರಿಯಲ್ಲೇ.

ಅಳತೆಯಲ್ಲಿ ನನಗೆ ವಿಚಿತ್ರವಾಗಿ ಕಂಡದ್ದು ಎತ್ತರ. ಅಡುಗೆಕಟ್ಟೆಗೆ ನಾವು ಸಾಮಾನ್ಯವಾಗಿ ಬರೆಯುವುದು 32ರಿಂದ 34 ಇಂಚು. ಇಲ್ಲಿ 27 ಇಂಚು ಇತ್ತು. ಗೌಂಡಿಯ ತಪ್ಪೇ ಎಂದು ಕೇಳಿದೆ. ಅಕ್ಕ ಉತ್ತರ ಹೇಳದೆ ಹಿಟ್ಟು ನಾದಿ, ಉಂಡೆ ಮಾಡಿ, ಕಲ್ಲಿನ ಮೇಲೆ ಬಡಿದು ತೋರಿಸಿದಳು. ರೊಟ್ಟಿಯನ್ನು ಬಡಿಯುವುದು ಅಂಗೈ ಅಲ್ಲ, ಭುಜ. ಮೈಯ ಭಾರ ಮೊಣಕೈ ಇಳಿದು ಅಂಗೈಗೆ ಬರಬೇಕಾದರೆ ಕಲ್ಲು ತಗ್ಗಿನಲ್ಲಿರಬೇಕು. ನಾಲ್ಕು ಅಡಿ ಹನ್ನೊಂದು ಇಂಚಿನ ಅಕ್ಕನಿಗೆ 34 ಇಂಚಿನ ಕಟ್ಟೆಯ ಮೇಲೆ ಚಪಾತಿ ಲಟ್ಟಿಸಬಹುದು, ರೊಟ್ಟಿ ಬಡಿಯಲಾಗದು. ಇನ್ನೊಂದು ಸಂಗತಿ: ಒಲೆಯ ಮೇಲೆ ಇಟ್ಟ ಹಂಚು ಸರಿಯಾಗಿ ಪರಸಿಯ ಮಟ್ಟಕ್ಕೇ ಬರುತ್ತಿತ್ತು. ಬಡಿದ ರೊಟ್ಟಿಯನ್ನು ಎತ್ತುವ ಗೊಡವೆಯಿಲ್ಲ; ಎರಡೂ ಅಂಗೈ ಅಡಿಗೆ ಕೊಟ್ಟು ಪಕ್ಕಕ್ಕೆ ಜಾರಿಸಿದರೆ ಸಾಕು, ಹಂಚಿಗೆ ಬಿತ್ತು. ಮೇಲೆ ಒದ್ದೆ ಬಟ್ಟೆ ಸವರಿದಳು, ತಿರುವಿದಳು, ಕೆಂಡದ ಬದಿಗೆ ಒರಗಿಸಿದಳು. ಅಷ್ಟರಲ್ಲಿ ಎರಡನೆಯ ಉಂಡೆ ಕಲ್ಲಿನ ಮೇಲಿತ್ತು.

ಬಡಿಯುವ ಜಾಗದಲ್ಲಿ ತಾಟಿನಗಲದ ಒಂದು ವೃತ್ತ ಉಳಿದ ಕಲ್ಲಿಗಿಂತ ಕಪ್ಪಗೆ, ನುಣ್ಣಗೆ ಆಗಿತ್ತು. ಅಲ್ಲಿ ನೀರು ಚಿಮುಕಿಸಿದರೆ ಹನಿ ನಿಲ್ಲದೆ ಓಡುತ್ತಿತ್ತು. ಅದರ ಪಕ್ಕದಲ್ಲೇ ಬಿಳಿಚಿದ ಒಂದು ಉಂಗುರ: ನಿಂಬೆ ಉಪ್ಪಿನಕಾಯಿಯ ಭರಣಿ ಸೋರಿ ಮೂಡಿದ ಗುರುತು. ಶಹಾಬಾದ ಕಲ್ಲು ಸುಣ್ಣದ ಕಲ್ಲಿನ ಜಾತಿ, ಹುಳಿ ಬಿದ್ದರೆ ಅದರ ಮೈ ಕರಗುತ್ತದೆ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದು ಕೂತಿರುವುದೂ ಇದೇ ಸುಣ್ಣದ ಕಲ್ಲಿಗಾಗಿ. ನಿಂಬೆಹಣ್ಣಿನ ರಸ ಚೆಲ್ಲಿದ ಪರಸಿಯನ್ನು ಉಜ್ಜಿ ಉಜ್ಜಿ ಸೋತವರು ಈ ಊರಿನಲ್ಲಿ ಮನೆಗೊಬ್ಬರಿದ್ದಾರೆ. ಅದು ಕಲೆಯಲ್ಲ, ಸವೆತ; ಉಜ್ಜಿದರೆ ಹೋಗುವುದಿಲ್ಲ.

ಕೊಡುವುದೋ, ಒಯ್ಯುವುದೋ

ಭಾವ ಆಗಲೇ ಒಂದು ಎಡವಟ್ಟು ಮಾಡಿಕೊಂಡಿದ್ದರು. ಮನೆ ನೋಡಲು ಬಂದ ಕೊಳ್ಳುವವರ ತಾಯಿ, ವಯಸ್ಸಾದವರು, ಹಿತ್ತಲಲ್ಲಿ ನಿಂತು "ಈ ಕಟ್ಟೆ, ಒಲೆ ಹೀಗೇ ಇರುತ್ತವಲ್ಲ?" ಎಂದು ಕೇಳಿದ್ದರು. ವ್ಯವಹಾರ ಕುದುರುವ ಹೊತ್ತು. ಭಾವ "ಇರುತ್ತವೆ, ಇರುತ್ತವೆ" ಎಂದುಬಿಟ್ಟಿದ್ದರು. ಕರಾರು ಪತ್ರದಲ್ಲಿ ಮಾತ್ರ ಹಿತ್ತಲಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಬರೆದಿಲ್ಲ ಎಂದ ಮೇಲೆ ಒಯ್ಯಲು ಅಡ್ಡಿಯಿಲ್ಲ ಎಂದು ಅಕ್ಕ ವಾದಿಸಿದಳು. ನಾನೂ ಹಾಗೆಯೇ ತಿಳಿದಿದ್ದೆ. ವಕೀಲಿ ಮಾಡುವ ಗೆಳೆಯನೊಬ್ಬ ಆಸ್ತಿ ವರ್ಗಾವಣೆ ಕಾಯ್ದೆಯ ಪುಸ್ತಕ ತೆಗೆದು ಓದಿಸಿದ ಮೇಲೆ ಗೊತ್ತಾಯಿತು, ಲೆಕ್ಕ ತಿರುಗುಮುರುಗು.

1882ರ ಆ ಕಾಯ್ದೆಯ 8ನೇ ಕಲಮಿನ ಪ್ರಕಾರ, ಬೇರೆ ಉದ್ದೇಶವನ್ನು ಹೇಳಿರದಿದ್ದರೆ ಅಥವಾ ಅದು ಸ್ಪಷ್ಟವಾಗಿ ಕಾಣದಿದ್ದರೆ, ಭೂಮಿಯ ಜೊತೆಗೆ ಭೂಮಿಗೆ ಅಂಟಿಕೊಂಡ ವಸ್ತುಗಳೆಲ್ಲ ಕೊಳ್ಳುವವರಿಗೆ ಹೋಗುತ್ತವೆ. ಮನೆಯಾದರೆ ಅದರ ಬೀಗ, ಬೀಗದ ಕೈ, ಬಾಗಿಲು, ಕಿಟಕಿ, ಮನೆಯ ಜೊತೆ ಕಾಯಂ ಬಳಕೆಗೆಂದು ಇಟ್ಟ ಇತರ ವಸ್ತುಗಳೂ ಹೋಗುತ್ತವೆ. ಅಂಟಿಕೊಂಡದ್ದು ಎಂದರೇನು ಎಂಬುದು 3ನೇ ಕಲಮಿನಲ್ಲಿದೆ: ಗಿಡಮರಗಳಂತೆ ಬೇರು ಬಿಟ್ಟದ್ದು, ಗೋಡೆ ಕಟ್ಟಡಗಳಂತೆ ನೆಲದಲ್ಲಿ ಹೂತದ್ದು, ಹಾಗೆ ಹೂತದ್ದರ ಕಾಯಂ ಪ್ರಯೋಜನಕ್ಕಾಗಿ ಅದಕ್ಕೆ ಜೋಡಿಸಿದ್ದು. ಅಂದರೆ ಬರೆಯದೆ ಬಿಟ್ಟದ್ದು ನಮ್ಮದಲ್ಲ, ಅವರದು. ಪರಸಿ, ಕಂಬ, ಸಿಂಕು ಅತ್ತ. ಗ್ಯಾಸ್ ಒಲೆ, ಹಂಚು, ಹಿಟ್ಟು ನಾದುವ ಕೊಣಮಿಗೆ ಇತ್ತ. ತಗಡು ನಡುವೆ ತೂಗಾಡುತ್ತದೆ. ಕರಿಬೇವಿನ ಗಿಡದ ವಿಷಯದಲ್ಲಂತೂ ಅನುಮಾನವೇ ಇಲ್ಲ, ಅದು ಹೋಯಿತು. ಅದರ ಬುಡದಲ್ಲೆದ್ದ ಒಂದು ಮರಿಯನ್ನು ಅಕ್ಕ ಅಂದು ಸಂಜೆಯೇ ಡಬ್ಬಿಗೆ ಎಬ್ಬಿಸಿದಳು. ಕಾಯ್ದೆಯ ಕಣ್ಣಿಗೆ ಅದು ಏನಾಗುತ್ತದೋ, ನಾನು ವಕೀಲನನ್ನು ಕೇಳಲು ಹೋಗಲಿಲ್ಲ.

ಗೆಳೆಯ ಇನ್ನೊಂದು ಮಾತು ಹೇಳಿದ, ಬಾಡಿಗೆ ಮನೆಯಲ್ಲಿರುವವರಿಗೆ ಉಪಯೋಗವಾದೀತು. ಬೇರೆ ಕರಾರು ಇಲ್ಲದಿದ್ದರೆ ಬಾಡಿಗೆದಾರರ ವಿಷಯದಲ್ಲಿ ನಿಯಮ ಇದಕ್ಕೆ ವಿರುದ್ಧವಾಗಿದೆ. ಅದೇ ಕಾಯ್ದೆಯ 108ನೇ ಕಲಮಿನಂತೆ, ತಾನು ನೆಲಕ್ಕೆ ಜೋಡಿಸಿದ್ದನ್ನು ಬಾಡಿಗೆದಾರ ಕಿತ್ತು ಒಯ್ಯಬಹುದು. ಆದರೆ ಜಾಗ ತನ್ನ ಸ್ವಾಧೀನದಲ್ಲಿ ಇರುವವರೆಗೆ ಮಾತ್ರ, ಮತ್ತು ಸ್ವತ್ತನ್ನು ತಾನು ಪಡೆದಾಗ ಇದ್ದ ಸ್ಥಿತಿಯಲ್ಲೇ ಬಿಟ್ಟು ಹೋಗಬೇಕು. ಬೀಗದ ಕೈ ಕೊಟ್ಟು ಬಂದ ಮೇಲೆ "ನಮ್ಮ ಕಲ್ಲು ಉಳಿದಿದೆ" ಎಂದು ಹೋಗಿ ನಿಂತರೆ ನಡೆಯುವುದಿಲ್ಲ.

ಅಷ್ಟಾದ ಮೇಲೆ ಮಾಡಬೇಕಾದದ್ದು ಸ್ಪಷ್ಟವಾಗಿತ್ತು. ನೋಂದಣಿಗೆ ಮೊದಲೇ ಕೊಳ್ಳುವವರ ಮನೆಗೆ ಹೋಗಿ, ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕುವುದು. ಭಾವನಿಗೆ ಅದು ಮರ್ಯಾದೆಯ ಪ್ರಶ್ನೆಯಾಗಿ ಕಂಡಿತು. ಲಕ್ಷಗಟ್ಟಲೆಯ ವ್ಯವಹಾರದಲ್ಲಿ ಒಲೆಕಟ್ಟೆಯ ಮಾತೆತ್ತುವುದೇ ಎಂದು ನಾಲ್ಕು ದಿನ ಮುಂದೂಡಿದರು. ಹಾಳೆಯಲ್ಲಿ ಏನು ಬರೆಯಬೇಕು ಎಂಬುದೂ ಆಗ ತೀರ್ಮಾನವಾಗಿರಲಿಲ್ಲ, ಆದ್ದರಿಂದ ಆ ನಾಲ್ಕು ದಿನ ನನಗೂ ಬೇಕಿತ್ತು.

ನನ್ನ ಅಂದಾಜು ಪಟ್ಟಿ

ಏಳು ಅಡಿಯ ಪರಸಿಯ ತೂಕ ಸುಮಾರು 130 ಕೆ.ಜಿ. ಅದನ್ನು ಗೋಡೆಯಿಂದ ಬಿಡಿಸಲು ಗೌಂಡಿಗೆ ಅರ್ಧ ದಿನದ ಕೂಲಿ 500, ಎತ್ತಿ ಇಳಿಸಲು ಹಮಾಲರಿಗೆ 800. ಅಂಥದೇ ಹೊಸ ಕಲ್ಲಿಗೆ, ಪಾಲಿಶ್ ಮಾಡಿದ್ದಕ್ಕೆ, ಅಂಗಡಿಯವನು ಹೇಳಿದ್ದು 700 ರೂಪಾಯಿ. ಶಹಾಬಾದ ನಮಗೆ ಕೂಗಳತೆಯ ಊರು. ಇಲ್ಲಿ ಕಲ್ಲು ಅಗ್ಗ, ಕೈ ತುಟ್ಟಿ. ಬೆಂಗಳೂರಿನಲ್ಲಿ ಕೂತು ಇದೇ ಲೆಕ್ಕ ಹಾಕಿದರೆ ಬೇರೆ ಉತ್ತರ ಬಂದೀತು. ಕಲ್ಲು ಬಿಡಿ ಎಂದು ಬರೆದೆ.

ತಗಡು ಒಂದೊಂದೂ 14 ಕೆ.ಜಿ. ಹತ್ತಿರ, ಹೊಸದಕ್ಕೆ 1,100 ರೂಪಾಯಿ. ಹಗುರ, ಒಂದರ ಮೇಲೊಂದು ಜೋಡಿಸಿದರೆ ಗಾಡಿಯಲ್ಲಿ ನಾಲ್ಕು ಇಂಚು ಜಾಗ. ಒಯ್ಯಿರಿ ಎಂದು ಬರೆದೆ. ಆಂಗಲ್ ಕಂಬ ಒಯ್ಯಿರಿ. ಸಿಂಕು ಬಿಡಿ. ಇಟ್ಟಿಗೆ ಬಿಡಿ, ಸಿಮೆಂಟಿನಲ್ಲಿ ಕಟ್ಟಿದ ಇಟ್ಟಿಗೆಯನ್ನು ಬಿಡಿಸಿ ಕೆರೆಯುವ ಕೂಲಿಗೆ ಹೊಸ ಇಟ್ಟಿಗೆಯೇ ಬರುತ್ತದೆ. ಒಲೆಯ ಮುಂದೆ ಒಂದು ಅಡ್ಡಗೆರೆ ಎಳೆದೆ. ಮಣ್ಣಿನ ಒಲೆ ಎತ್ತಿದರೆ ಒಡೆಯುತ್ತದೆ, ಅದಕ್ಕೆ ಬೆಲೆ ಹಾಕಲು ಬರುವುದಿಲ್ಲ.

ಪಟ್ಟಿ ನೋಡಿ ಭಾವನಿಗೆ ಸಂತೋಷವಾಯಿತು. ಅಕ್ಕ ಅದನ್ನು ಮಡಿಚಿ ಹಂಚಿನ ಕೆಳಗೆ ಇಟ್ಟಳು.

ನಾನು ಮಾಡಿದ ತಪ್ಪು ಅಂಕಿಗಳಲ್ಲಿ ಇರಲಿಲ್ಲ. ಹಳೆಯ ಹಿತ್ತಲನ್ನು ಎರಡು ಗಂಟೆ ಅಳೆದಿದ್ದೆ, ಹೊಸ ಹಿತ್ತಲನ್ನು ನೋಡಿಯೇ ಇರಲಿಲ್ಲ. ವಸ್ತುವಿಗೆ ಬೆಲೆ ಕಟ್ಟಿದೆ, ಅದು ಹೋಗಿ ಕೂರುವ ನೆಲಕ್ಕೆ ಕಟ್ಟಲಿಲ್ಲ. ವೃತ್ತಿಯವನು ಮಾಡಬಾರದ ತಪ್ಪು ಇದು, ಆದರೆ ಮನೆಯವರ ಕೆಲಸದಲ್ಲಿ ಎಲ್ಲರೂ ಸ್ವಲ್ಪ ಸಡಿಲವೇ.

ಹೊಸ ನೆಲ

ಕುಸನೂರ ರಸ್ತೆಯ ಆ ಮನೆ ಪೂರ್ವಕ್ಕೆ ಮುಖ ಮಾಡಿದೆ, ಹಿತ್ತಲು ಪಶ್ಚಿಮಕ್ಕೆ. ಹಿತ್ತಲು ಎನ್ನುವುದೂ ಹೆಚ್ಚೇ. ಗೋಡೆಯಿಂದ ಕಾಂಪೌಂಡಿಗೆ ಐದು ಅಡಿ. ಅದರಲ್ಲೇ ನೀರಿನ ಸಂಪಿನ ಮುಚ್ಚಳ. ಉಳಿದ ಜಾಗದಲ್ಲಿ ಏಳು ಅಡಿಯ ಕಲ್ಲು ಕೂರುವುದೇ ಇಲ್ಲ. ನಾಲ್ಕೂವರೆ ಅಡಿ ಕೂರುತ್ತದೆ. ಎತ್ತುವ ಕೂಲಿಯ ಲೆಕ್ಕ ಹಾಕುತ್ತ ಕೂತಿದ್ದ ನನಗೆ ಟೇಪು ಕೊಟ್ಟ ಉತ್ತರ ಇದು.

ನೆಲ ಇನ್ನೊಂದು ಉತ್ತರ ಕೊಟ್ಟಿತು. ಬಡಾವಣೆಯಾಗುವ ಮೊದಲು ಅದು ತೊಗರಿಯ ಹೊಲ, ಅಪ್ಪಟ ಎರೆ ಮಣ್ಣು. ಮೇ ತಿಂಗಳಾದ್ದರಿಂದ ಬಾಯಿ ಬಿಟ್ಟಿತ್ತು. ಒಂದು ಬಿರುಕಿಗೆ ಹಿಡಿಗಡ್ಡಿ ಇಳಿಬಿಟ್ಟೆ, ಮೊಳಕೈ ಉದ್ದ ಇಳಿಯಿತು. ಎರೆಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮನೆಯ ಪಾಯ ಆಳಕ್ಕೆ ಇಳಿದಿರುವುದರಿಂದ ತಡೆದುಕೊಳ್ಳುತ್ತದೆ, ಆದರೆ ಮೇಲೆ ಮೇಲೆ ಇಟ್ಟ ಒಂದು ಅಡುಗೆಕಟ್ಟೆಯನ್ನು ಈ ಮಣ್ಣು ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ. ಎತ್ತುವುದಾದರೂ ಎಲ್ಲ ಕಡೆ ಒಂದೇ ಸಮ ಎತ್ತಿದರೆ ಚಿಂತೆ ಇರಲಿಲ್ಲ. ನಳದ ನೀರು ಇಂಗುವ ಬದಿ ಉಬ್ಬುತ್ತದೆ, ಒಲೆಯ ಬದಿ ಒಣಗಿ ಕುಗ್ಗುತ್ತದೆ. ನಡುವೆ ಒಂದೂವರೆ ಇಂಚಿನ ಪರಸಿ; ಅದಕ್ಕೆ ಬಾಗುವುದು ಗೊತ್ತಿಲ್ಲ, ಸೀಳುವುದು ಗೊತ್ತು. ಆದ್ದರಿಂದ ಕಟ್ಟೆಯ ಗೋಡೆಗಳ ಅಡಿಗೆ ಎರಡು ಅಡಿ ಎರೆ ತೆಗೆದು ಉಬ್ಬದ ಗರಸು ಮಣ್ಣಾದ ಮೊರಂ ತುಂಬಿ, ನೀರು ಹಾಕಿ ದಮ್ಮಸು ಮಾಡಬೇಕು. ಆ ಖರ್ಚು ಹಳೆಯ ಕಲ್ಲಿಗೂ ಅಷ್ಟೇ, ಹೊಸ ಕಲ್ಲಿಗೂ ಅಷ್ಟೇ.

ವಾಸ್ತುವಿನ ಮಾತು ಬೇಗ ಮುಗಿಯಿತು. ಹಳೆಯದು ಆಗ್ನೇಯದಲ್ಲಿತ್ತು, ಇಲ್ಲಿ ಜಾಗ ಇರುವುದು ವಾಯವ್ಯದಲ್ಲಿ. ಆಗ್ನೇಯ ಸಿಗದಿದ್ದರೆ ವಾಯವ್ಯ ನಡೆಯುತ್ತದೆ ಎಂದು ಹಿರಿಯರು ಒಪ್ಪಿದರು. ಆದರೆ ವಾಯವ್ಯ ಹೆಸರಿಗೆ ತಕ್ಕ ಮೂಲೆ. ಜೂನ್‌ನಿಂದ ಇಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಶಹಾಬಜಾರದಲ್ಲಿ ಹಿತ್ತಲು ಪೂರ್ವಕ್ಕಿದ್ದುದರಿಂದ ಹೊಗೆ ಮನೆಯಿಂದ ಆಚೆ ಹೋಗುತ್ತಿತ್ತು. ಇಲ್ಲಿ ಅದೇ ಗಾಳಿ ಅದೇ ಹೊಗೆಯನ್ನು ಎತ್ತಿ ಮಲಗುವ ಕೋಣೆಯ ಕಿಟಕಿಗೆ ಒಪ್ಪಿಸುತ್ತದೆ. ಇದನ್ನು ಮೊದಲು ಗಮನಿಸಿದ್ದು ಅಕ್ಕ. ಸೆರಗಿನ ತುದಿ ಎತ್ತಿ ಹಿಡಿದು ನೋಡಿದಳು, ಅಷ್ಟೇ.

ನಾನು ಗಮನಿಸಿ ಉಪಕಾರ ಮಾಡಿದ್ದು ಒಂದೇ ಒಂದನ್ನು. ಭಾವ ಗ್ಯಾಸ್ ಸಿಲಿಂಡರಿಗೆಂದು ಗುರುತು ಹಾಕಿದ್ದ ಜಾಗ ಸಂಪಿನ ಮುಚ್ಚಳಕ್ಕೆ ತಾಗಿಕೊಂಡಿತ್ತು. ಅಡುಗೆ ಅನಿಲ ಗಾಳಿಗಿಂತ ಭಾರ; ಸೋರಿದರೆ ಮೇಲೇರಿ ಹಾರಿಹೋಗುವುದಿಲ್ಲ, ನೀರಿನಂತೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಹೊರಗಿನ ಅಡುಗೆಮನೆಯಲ್ಲಿ ಗಾಳಿಯಾಡುತ್ತದೆ, ಭಯವಿಲ್ಲ ಎಂದು ಜನ ನೆಚ್ಚುತ್ತಾರೆ. ಪಕ್ಕದಲ್ಲೇ ಸಂಪೋ ಚರಂಡಿಯೋ ಇದ್ದರೆ ಅದೇ ಅನಿಲದ ಉಗ್ರಾಣವಾಗುತ್ತದೆ. ಮುಚ್ಚಳ ಎತ್ತಿ ಮೋಟರಿನ ಗುಂಡಿ ಒತ್ತುವವರಿಗೆ ಅದು ಗೊತ್ತಾಗದೆಯೂ ಹೋಗಬಹುದು. ಸಿಲಿಂಡರನ್ನು ಇನ್ನೊಂದು ತುದಿಗೆ ಸರಿಸಬೇಕೆಂದರೆ ಗ್ಯಾಸ್ ಒಲೆಯೂ ಅತ್ತ ಸರಿಯಬೇಕು. ನಳಿಗೆಯ ಉದ್ದ ಒಂದೂವರೆ ಮೀಟರು, ಅದಕ್ಕೆ ಜೋಡು ಹಾಕಿ ಬೆಳೆಸುವಂತಿಲ್ಲ. ಇಷ್ಟೂ ಸರಿದ ಮೇಲೆ ಗ್ಯಾಸ್ ಒಲೆ ಹಿತ್ತಲ ಬಾಗಿಲಿನಲ್ಲೇ ಬಂದು ನಿಂತಿತು. ಬಾಗಿಲಿನಲ್ಲಿ ನಿಂತ ಒಲೆಗೆ ಗಾಳಿ ಬಡಿದು ಉರಿ ಆರುತ್ತದೆ. ಕೊನೆಗೆ ಗ್ಯಾಸನ್ನು ಒಳಗೇ ಇಡುವುದು, ಹೊರಗೆ ಕಲ್ಲು ಮತ್ತು ಕಟ್ಟಿಗೆಯ ಒಲೆ ಮಾತ್ರ ಎಂದಾಯಿತು. ಹೊರಗಿನ ಅಡುಗೆಮನೆ ಹದಿನಾಲ್ಕು ವರ್ಷ ಹಿಂದಕ್ಕೆ ಹೋಗಿ ಹುಟ್ಟಿದಾಗ ಹೇಗಿತ್ತೋ ಹಾಗಾಯಿತು.

ತೀರ್ಮಾನ, ಸಾಗಣೆ

ಅಕ್ಕ ಕೊನೆಗೆ ಕೇಳಿದ್ದು ಮೂರೇ: ರೊಟ್ಟಿ ಬಡಿಯುವ ಜಾಗವಿರುವ ನಾಲ್ಕು ಅಡಿ ಕಲ್ಲು, ಒಲೆ, 27 ಇಂಚು. ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೊಸ ಮನೆಯ ಗೌಂಡಿ ಅಭ್ಯಾಸಬಲದಿಂದ 33 ಇಂಚಿಗೆ ದಾರ ಕಟ್ಟಿದ್ದ. ಅಕ್ಕ ತಾನೇ ಹೋಗಿ ದಾರ ಇಳಿಸಿ ಬಂದಳು.

ಕೊಳ್ಳುವವರ ಮನೆಯ ಮಾತುಕತೆಗೆ ಭಾವ ಹೆದರಿದಷ್ಟು ಏನೂ ಆಗಲಿಲ್ಲ. ನಿಮ್ಮ ಕಲ್ಲಿನ ತುಂಡು ನಾವು ಒಯ್ಯುತ್ತೇವೆ, ಬದಲಿಗೆ ಏಳು ಅಡಿಯ ಹೊಸ ಪಾಲಿಶ್ ಕಲ್ಲು ಹಾಕಿಸಿ ಕೊಡುತ್ತೇವೆ, ಸಿಂಕು ನಿಮಗೆ, ತಗಡು ಮತ್ತು ಆಂಗಲ್ ನಮಗೆ ಎಂದೆವು. ಅಜ್ಜಿಯ ತಕರಾರು ಒಂದೇ: ಒಲೆ? ಅಕ್ಕ ಕೊಟ್ಟ ಉತ್ತರ, "ಒಲೆ ನನ್ನ ಅತ್ತೆ ಹಾಕಿದ್ದು." ಆ ಮೇಲೆ ಅಜ್ಜಿ ಮಾತು ಬೆಳೆಸಲಿಲ್ಲ. ಹಾಳೆ ಬರೆದೆವು, ರುಜುವಾಯಿತು. ನನ್ನ ಲೆಕ್ಕದಲ್ಲಿ ಇದು ಶುದ್ಧ ನಷ್ಟದ ವ್ಯವಹಾರ. ಎಪ್ಪತ್ತೈದು ಕೆ.ಜಿ. ಹಳೆಯ ಕಲ್ಲಿಗಾಗಿ ಹೊಸ ಕಲ್ಲಿನ 700, ಅದನ್ನು ಕೂರಿಸುವ ಕೂಲಿ, ಕಡಿಯುವ ಕೂಲಿ, ಹೊರುವ ಕೂಲಿ ಸೇರಿ ಎರಡೂವರೆ ಸಾವಿರದ ಹತ್ತಿರ ಹೋಯಿತು.

ಕಲ್ಲು ಬಿಡಿಸುವ ಕೆಲಸವನ್ನು ಬಿಸಿಲೇರುವ ಮುನ್ನ ಇಟ್ಟುಕೊಂಡೆವು. ಗೌಂಡಿ ಮೊದಲು ಸಿಂಕಿನ ಈಚೆ ನಾಲ್ಕು ಅಡಿಗೆ ಗೆರೆ ಎಳೆದು, ಕಲ್ಲು ಗೋಡೆಯ ಮೇಲಿರುವಾಗಲೇ ಕಟರಿನಿಂದ ಮುಕ್ಕಾಲು ಆಳ ಕೊರೆದ. ಆಮೇಲೆ ಗಾರೆಯ ಸಂದಿಗೆ ತೆಳ್ಳನೆಯ ಉಳಿ ಕೊಟ್ಟು ಒಂದೊಂದೇ ಪೆಟ್ಟು. ಹಳೆಯ ಗಾರೆಗೆ ಉಸುಕು ಹೆಚ್ಚಾಗಿತ್ತು, ಕ್ಯೂರಿಂಗ್ ಕಡಿಮೆಯಾಗಿತ್ತು ಎಂದು ಕಾಣುತ್ತದೆ, ಎರಡು ಗೋಡೆಗಳಿಂದ ಬಿಸ್ಕತ್ತಿನಂತೆ ಬಿಟ್ಟಿತು. ಅಂದು ಕೆಟ್ಟ ಕೆಲಸವೇ ಒಳ್ಳೆಯದಾಯಿತು. ಸಿಂಕಿನ ಬದಿ ಮಾತ್ರ ಚೌಕದ ಮೂಲೆಯಿಂದ ಸೀಳಿ ಮೂರು ತುಂಡಾಯಿತು. ಕೊರೆದ ಮೂಲೆ ಯಾವಾಗಲೂ ಕಲ್ಲಿನ ದುರ್ಬಲ ಜಾಗ. ಅದು ಹೇಗೂ ನಮಗೆ ಬೇಕಾಗಿರಲಿಲ್ಲ.

ಹಮಾಲರಿಗೆ ನಾನು ಹೇಳಿದ್ದು ಒಂದೇ ಮಾತು: ಮಲಗಿಸಿ ಒಯ್ಯಬೇಡಿ. ಪರಸಿಯನ್ನು ಅಂಚಿನ ಮೇಲೆ ನಿಲ್ಲಿಸಿ ಹಿಡಿದರೆ ಎರಡು ಅಡಿಯ ಅಗಲವೇ ಅದಕ್ಕೆ ತೊಲೆಯ ಆಳವಾಗುತ್ತದೆ. ಮಲಗಿಸಿದರೆ ಒಂದೂವರೆ ಇಂಚೇ ತನ್ನ ಭಾರ ತಾನೇ ಹೊರಬೇಕು. ಗಾಡಿ ಗುಂಡಿಗೆ ಬಿದ್ದಾಗ ನಡುವೆ ಮುರಿಯುತ್ತದೆ. ಅವರು ನನ್ನ ಮುಖ ನೋಡಿದರು. ಆ ಮಾತು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಹಳೆಯ ಕೌದಿ ಸುತ್ತಿ, ಗಾಡಿಯ ಬದಿಗೆ ನಿಲ್ಲಿಸಿ, ಹಗ್ಗ ಬಿಗಿದು ತಲುಪಿಸಿದರು. ಒಂದು ಚಕ್ಕೆಯೂ ಏಳಲಿಲ್ಲ.

ಒಲೆಯ ಕಥೆ ಬೇರೆ. ಅದನ್ನು ಇಡಿಯಾಗಿ ಎತ್ತುವ ಉಪಾಯಗಳನ್ನು ನಾನು, ಭಾವ ಯೋಚಿಸುತ್ತಿರುವಾಗ ಅಕ್ಕ ಸುತ್ತಿಗೆ ತಂದು ಒಡೆದೇಬಿಟ್ಟಳು. ಒಡೆದು ಎರಡು ಗುಡ್ಡೆ ಮಾಡಿದಳು. ಹೊರಮೈಯ, ಸಗಣಿ ಸಾರಿಸಿದ, ಬೇಯದ ಮಣ್ಣು ಒಂದು ಕಡೆ. ಒಳಬಾಯಿಯ, ಹದಿನಾಲ್ಕು ವರ್ಷದ ಉರಿಗೆ ಇಟ್ಟಿಗೆಯಂತೆ ಕೆಂಪಾದ ಮಣ್ಣು ಇನ್ನೊಂದು ಕಡೆ. ಬೇಯದ ಮಣ್ಣಿಗೆ ನೀರು ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಬೆಂದದ್ದು ನೀರು ಕುಡಿಯುತ್ತದೆ, ಕರಗುವುದಿಲ್ಲ. ಅದನ್ನು ಎಸೆಯುತ್ತಾಳೆ ಎಂದುಕೊಂಡೆ. ಗುಂಡುಕಲ್ಲಿನಿಂದ ಕುಟ್ಟಿ, ಜರಡಿ ಹಿಡಿದು, ಪುಡಿ ಮಾಡಿ ಎರಡನ್ನೂ ಒಂದೇ ಸಿಮೆಂಟ್ ಚೀಲಕ್ಕೆ ತುಂಬಿದಳು. ಬೆಂದ ಪುಡಿ ಬೆರೆತರೆ ಒಲೆ ಒಣಗುವಾಗ ಸೀಳುವುದಿಲ್ಲವಂತೆ. ಕುಂಬಾರರೂ ಇದನ್ನೇ ಮಾಡುತ್ತಾರೆ: ಒಮ್ಮೆ ಬೆಂದ ಮಣ್ಣು ಮತ್ತೆ ಕುಗ್ಗುವುದಿಲ್ಲ, ಹಸಿ ಮಣ್ಣಿನ ನಡುವೆ ಅಸ್ಥಿಪಂಜರದಂತೆ ನಿಲ್ಲುತ್ತದೆ. ಹೊಸ ಹಿತ್ತಲಲ್ಲೇ ಬೇಕಾದಷ್ಟು ಮಣ್ಣಿದೆಯಲ್ಲ ಎಂದು ಭಾವ ಕೇಳಿದ್ದಕ್ಕೆ, "ಎರೆ ಮಣ್ಣಿನ ಒಲೆ ಬೆಂಕಿ ಕಾಣುವ ಮೊದಲೇ ಬಾಯಿ ಬಿಡುತ್ತದೆ" ಎಂದಳು. ಕಟ್ಟೆಯ ಪಾಯಕ್ಕೆ ನಾನು ಮೊರಂ ಹೇಳಿದ ಕಾರಣವೂ ಅದೇ. ನಾನು ಡಿಪ್ಲೊಮಾದಲ್ಲಿ ಕಲಿತದ್ದನ್ನು ಅವಳು ಅತ್ತೆಯಿಂದ ಕಲಿತಿದ್ದಳು.

ಹೊಗೆಯ ಪ್ರಶ್ನೆಗೆ ಪರಿಹಾರವೂ ಅಲ್ಲಿಂದಲೇ ಬಂತು. ಒಲೆಯನ್ನು ನೆಲಕ್ಕೆ ಹಾಕದೆ, ಇನ್ನೂರು ಲೀಟರಿನ ಹಳೆಯ ಡ್ರಮ್ಮಿನ ತಳ ಕತ್ತರಿಸಿ ಅದರೊಳಗೆ ಹಾಕಿದರು. ಚೀಲದ ಮಣ್ಣು ಸಾಲದ್ದಕ್ಕೆ ಕೆಂಪು ಮಣ್ಣು, ಜೋಳದ ಹೊಟ್ಟು, ಸಗಣಿ, ಬೂದಿ ಸೇರಿಸಿ ನಾದಿದಳು. ಹತ್ತು ದಿನ ನೆರಳಿನಲ್ಲಿ ಒಣಗಿಸಿದಳು. ಕೂದಲೆಳೆಯ ಬಿರುಕುಗಳು ಬಂದಲ್ಲಿ ಕೆಸರಿನ ಬಟ್ಟೆಯಿಂದ ತೀಡಿದಳು. ಮೊದಲ ಉರಿ ಒಂದೇ ಒಂದು ಕುಳ್ಳಿನದು. ಆಂಗಲ್ ಕಂಬ ಕೊಯ್ದು ಡ್ರಮ್ಮಿಗೆ ನಾಲ್ಕು ಕಾಲಿನ ಸ್ಟ್ಯಾಂಡ್ ಮಾಡಿಸಿದೆವು. ಹಂಚು ಇಟ್ಟರೆ 27 ಇಂಚಿಗೇ ಬರುತ್ತದೆ. ಐವತ್ತು ಕೆ.ಜಿ. ಮೇಲಿದೆ, ಇಬ್ಬರು ಎತ್ತಿದರೆ ಸರಿಯುತ್ತದೆ. ಪಶ್ಚಿಮದ ಗಾಳಿ ಜೋರಾದ ದಿನ ಉತ್ತರದ ಓಣಿಗೆ ಸರಿಸುತ್ತಾರೆ. ಆಗ ಹೊಗೆ ಪಕ್ಕದ ಮನೆಯ ಮಾಳಿಗೆಗೆ ಹೋಗುತ್ತದೆ. ಪಕ್ಕದವರು ಇದುವರೆಗೆ ಏನೂ ಅಂದಿಲ್ಲ. ಒಲೆ ಹಚ್ಚಿದ ದಿನ ಬಿಸಿ ರೊಟ್ಟಿ ಅಲ್ಲಿಗೂ ಹೋಗುತ್ತದೆ ಎಂಬುದನ್ನೂ ಹೇಳಬೇಕು.

ಇನ್ನು ನಾನು ಒಯ್ಯಿರಿ ಎಂದು ಧೈರ್ಯವಾಗಿ ಬರೆದ ತಗಡು. ಐದು ಅಡಿಯ ಹಿತ್ತಲಿಗೆ ಹತ್ತು ಅಡಿಯ ತಗಡನ್ನು ಅರ್ಧಕ್ಕೆ ಕೊಯ್ಯಬೇಕಾಯಿತು. ಹಳೆಯ ತೂತುಗಳು ಹೊಸ ಪಟ್ಟಿಗಳ ಅಂತರಕ್ಕೆ ಕೂಡಲಿಲ್ಲ, ಆದ್ದರಿಂದ ಹೊಸ ತೂತು ಹಾಕಿಸಿದೆವು. ಹಳೆಯವು ಹಾಗೇ ಉಳಿದು ಜೂನ್‌ನ ಮೊದಲ ಮಳೆಗೆ ಸರಿಯಾಗಿ ಬಡಿಯುವ ಕಲ್ಲಿನ ಮೇಲೆಯೇ ತೊಟ್ಟಿಕ್ಕಿದವು. ಡಾಂಬರು ಪಟ್ಟಿ ಅಂಟಿಸಿದ್ದು ಬಿಸಿಲಿಗೆ ಕರಗಿ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಕಟ್ಟಡದ ಹಿಂದೆ ಬಿಡಬೇಕಾದ ತೆರೆದ ಜಾಗಕ್ಕೆ ಕಾಯಂ ಚಾವಣಿ ಹಾಕುವಂತಿಲ್ಲ ಎಂದು ಬೇರೆಯವರಿಗೆ ದಿನಾ ಹೇಳುವ ನಾನೇ ಅದನ್ನು ಮರೆತಿದ್ದೆ. ಸೆಪ್ಟೆಂಬರಿನಲ್ಲಿ ಇಳಿಸಿದೆವು. ಸಾಗಣೆ, ಕೊಯ್ತ, ಕೊಕ್ಕೆ ಬೋಲ್ಟುಗಳಿಗೆ 1,900 ಖರ್ಚಾಗಿತ್ತು. ಗುಜರಿಯವನು ಕೆ.ಜಿ.ಗೆ 30ರಂತೆ 56 ಕೆ.ಜಿ.ಗೆ 1,680 ಕೊಟ್ಟ. ಈಗ ಮೇಲೆ ಏನೂ ಇಲ್ಲ. ಮಳೆಯ ದಿನ ರೊಟ್ಟಿ ಒಳಗೆ ಗ್ಯಾಸಿನ ಮೇಲೆ ಆಗುತ್ತದೆ, ಬಿಸಿಲಿನ ದಿನ ಬೆಳಗಿನ ಆರಕ್ಕೇ ಹೊರಗೆ ಬಡಿದು ಮುಗಿಸುತ್ತಾಳೆ.

ಜನವರಿಯ ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯಲು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎಂಬತ್ತಾದರೂ ಬೇಕು, ಜೊತೆಗೆ ಕಾಳು, ಸೊಪ್ಪು, ತರಕಾರಿ ಕೂಡಿಸಿ ಕುದಿಸುವ ಭಜ್ಜಿ ಒಂದು ದೊಡ್ಡ ಪಾತ್ರೆ. ಕೋಡೊಲೆಯ ಮೇಲೆ ಭಜ್ಜಿ ಕುದಿಯುತ್ತಿತ್ತು, ಕಲ್ಲಿನ ಮೇಲೆ ರೊಟ್ಟಿ ಜಾರುತ್ತಿತ್ತು. ನಡುವೆ ಹಂಚು ಒಂದು ಬದಿಗೆ ವಾಲಿದ್ದನ್ನು ಭಾವ ಗಮನಿಸಿದರು. ನೋಡಿದರೆ ಸ್ಟ್ಯಾಂಡಿನ ಒಂದು ಕಾಲು ಎರೆಯಲ್ಲಿ ಅರ್ಧ ಇಂಚು ಇಳಿದಿತ್ತು. ಕಟ್ಟೆಗೆ ಮೊರಂ ಹಾಕಿಸಿದ್ದ ನಾನು ಸ್ಟ್ಯಾಂಡಿನ ಕಾಲುಗಳನ್ನು ಲೆಕ್ಕಕ್ಕೆ ತಂದಿರಲಿಲ್ಲ. ಪ್ರತಿ ಕಾಲಿನ ಅಡಿಗೂ ಒಂದೊಂದು ಪರಸಿಯ ಚೂರು ಇಟ್ಟರೆ ಸಾಕು ಎಂದೆ. ಸಿಂಕಿನ ಬದಿ ಸೀಳಿದ ಮೂರು ತುಂಡುಗಳನ್ನು ಶಹಾಬಜಾರದಲ್ಲಿ ಬಿಟ್ಟು ಬರಲು ಹೇಳಿದವರು ಯಾರು ಎಂದು ಅಕ್ಕ ಹಂಚಿನಿಂದ ಕಣ್ಣೆತ್ತದೆ ಕೇಳಿದಳು.